ಬಿಸಿಲ ನಾಡಿನಲ್ಲಿ ಮೇಣದಬತ್ತಿಯ ಉದ್ಯೋಗ

ಅಲಂಕಾರದ ಮೇಣದಬತ್ತಿ ತಯಾರಿಸಿ ಮಾರಲು ಬಯಸುವ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಸೋದರಿಯರು ಮೊದಲು ಬಿಸಿಲನ್ನು ಲೆಕ್ಕಕ್ಕೆ ಹಿಡಿಯಬೇಕು. ಬೇಸಿಗೆಯಲ್ಲಿ ಇಲ್ಲಿಯ ಉಷ್ಣತೆ 40 ಡಿಗ್ರಿ ದಾಟುತ್ತದೆ. ಪ್ಯಾರಾಫಿನ್ ಮೇಣ ಸುಮಾರು 58-60 ಡಿಗ್ರಿಗೆ ಕರಗುವುದಾದರೂ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ತಗಡಿನ ಛಾವಣಿಯಡಿ ಇಟ್ಟ ಉದ್ದನೆಯ ಬತ್ತಿಗಳು ಬಾಗಿ, ಮನೆಯವರು ಕೂಡಿಟ್ಟು ತೊಡಗಿಸಿದ ಹಣ ಕೈಬಿಡುತ್ತದೆ. ನೂರು ಪಾಲು ಮೇಣಕ್ಕೆ ಹತ್ತು ಪಾಲು ಸ್ಟಿಯರಿಕ್ ಆಮ್ಲ ಬೆರೆಸಿದರೆ ಗಡಸುತನ ಬರುತ್ತದೆ. ಅಚ್ಚಿನಿಂದಲೂ ಸಲೀಸಾಗಿ ಬಿಡುತ್ತದೆ. ಗಿಡ್ಡ, ದಪ್ಪ ಆಕೃತಿಗಳೇ ನಮ್ಮ ಸೀಮೆಗೆ ಲೇಸು.

ಮೇಣವನ್ನು ನೇರವಾಗಿ ಒಲೆಯ ಮೇಲಿಡದೆ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು. ಬೆಂಕಿ ಹತ್ತಿದರೆ ನೀರೆರಚಲೇಬಾರದು. ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಮಕ್ಕಳನ್ನು ಆ ಕೋಣೆಗೆ ಬಿಡಬಾರದು.

ನಮ್ಮ ಮನೆಗಳಲ್ಲಿ ದೇವರ ಮುಂದೆ ಎಣ್ಣೆಯ ದೀಪವೇ ಬೆಳಗುವುದರಿಂದ ಗಿರಾಕಿಯನ್ನು ಹುಟ್ಟುಹಬ್ಬ, ದೀಪಾವಳಿಯ ಉಡುಗೊರೆ, ಕ್ರಿಸ್‌ಮಸ್‌ಗಳಲ್ಲಿ ಹುಡುಕಬೇಕು. ಭತ್ತದ ವ್ಯಾಪಾರದ ಸಿಂಧನೂರು, ಹಟ್ಟಿ ಚಿನ್ನದ ಗಣಿಯ ತಾಲ್ಲೂಕಾದ ಲಿಂಗಸುಗೂರು, ಈ ಎರಡರ ನಡುವಿನ ದಾರಿಯಲ್ಲಿರುವ ಮಸ್ಕಿಯಿಂದ ಎರಡೂ ಪೇಟೆಗಳಿಗೆ ಸರಕು ಮುಟ್ಟಿಸಬಹುದು. ಬೆಲೆ ಕಟ್ಟುವಾಗ ಮೇಣ, ದಾರ, ಬಣ್ಣ, ಗ್ಯಾಸಿನೊಡನೆ ತಮ್ಮ ದುಡಿಮೆಯ ಕೂಲಿಯನ್ನೂ ಸೇರಿಸಬೇಕು. ಅನೇಕರು ಇದನ್ನೇ ಬಿಡುತ್ತಾರೆ. ಆರಂಭದಲ್ಲಿ ಸಾಲ ಬೇಡ, ಐದು ಕಿಲೋ ಮೇಣ ಸಾಕು. ಮಾರಾಟವಾಗದೆ ಬಾಗಿದ್ದನ್ನು ಮರಳಿ ಕರಗಿಸಿ ಎರೆಯಬಹುದು.