ಕೆರೆ–ದಡದಲ್ಲಿ ಔಟ್ ಇಲ್ಲ

ಪೀಣ್ಯದ ಲೇತ್ ಶಾಪುಗಳ ಹಿಂದಿನ ಅಂಗನವಾಡಿಯೊಂದರಲ್ಲಿ ಸೀಮೆಸುಣ್ಣದ ಒಂದು ಗೆರೆ: ಅತ್ತ ಕೆರೆ, ಇತ್ತ ದಡ, ಹೇಳಿದ ಕಡೆಗೆ ನೆಗೆಯಬೇಕು. ‘ಕೆರೆ, ದಡ, ಕೆರೆ, ದಡ’ ಎಂದು ಲಯ ಹಿಡಿಸಿದ ಟೀಚರ್ ಥಟ್ಟನೆ ಮತ್ತೊಮ್ಮೆ ‘ದಡ’ ಎಂದರು. ಅರ್ಧಕ್ಕರ್ಧ ಮಕ್ಕಳು ಆಗಲೇ ಕೆರೆಯಲ್ಲಿ! ನಾಲ್ಕರ ಪೋರನೊಬ್ಬ ಮಾತ್ರ ಎತ್ತಿದ ಕಾಲನ್ನು ಹಾಗೇ ಹಿಡಿದು, ತೂರಾಡಿ, ದಡದಲ್ಲೇ ಉಳಿದ.

ಆ ತಡೆದ ಕಾಲನ್ನೇ ಮನಶ್ಶಾಸ್ತ್ರಜ್ಞರು ಅಳೆಯಹೊರಟಿರುವುದು. ಅಡೆಲ್ ಡೈಮಂಡ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸೂರ್ಯನ ಚಿತ್ರಕ್ಕೆ ‘ರಾತ್ರಿ’, ಚಂದ್ರನಿಗೆ ‘ಹಗಲು’ ಎನ್ನಬೇಕು. ಐದರೊಳಗಿನವರು ತಡವರಿಸುತ್ತಾರೆ, ಆರೇಳರವರಿಗೆ ಸಲೀಸು. ನನ್ನನ್ನು ಕೇಳಿದರೆ ಕೆರೆ–ದಡವೇ ವಾಸಿ. ಇಲ್ಲಿ ಎದುರಿಗಿರುವವರು ಏಮಾರಿಸಲು ಹೊಂಚುತ್ತಿದ್ದಾರೆ ಎಂಬುದೂ ಮಗುವಿಗೆ ಹೊಳೆಯಬೇಕು.

ಬೇರೆಯವರ ತಲೆಯಲ್ಲಿ ತಪ್ಪು ಎಣಿಕೆ ಇರಬಹುದೆಂಬ ಈ ತಿಳಿವು ಬಹುಪಾಲು ಐದರ ಹೊತ್ತಿಗೆ ಕುದುರುತ್ತದೆ. ಭಾರತ, ಪೆರು, ಸಮೋವಾ, ಥಾಯ್ಲೆಂಡ್, ಕೆನಡಾಗಳ ಮಕ್ಕಳನ್ನು ಹೋಲಿಸಿದ 2005ರ ಅಧ್ಯಯನವೂ ಇದನ್ನೇ ಕಂಡಿತು. ನಾನು ಅದನ್ನು ಕಂಡದ್ದು ಆಟ ನಡೆಸಲು ನಿಂತ ಐದರ ಹುಡುಗಿಯಲ್ಲಿ. ಮನೆಮಾತು ಒಡಿಯಾ, ಅವಳ ಕಣ್ಣು ಯಾರ ಮುಖದ ಮೇಲೂ ಇಲ್ಲ, ಎಲ್ಲರ ಹಿಮ್ಮಡಿಯ ಮೇಲೆ. ಒಂದು ಹಿಮ್ಮಡಿ ಎದ್ದದ್ದೇ ತಡ, ‘ದಡಾ!’

ಇಲ್ಲಿ ತಪ್ಪಿದವರು ಔಟಲ್ಲ. ‘ಎಡವೋ ಮಗೂನೇ ಹೊರಗೆ ಕೂರಿಸಿದ್ರೆ ಕಲಿಯೋದು ಯಾವಾಗ ಸಾರ್?’ ಎಂದರು ಟೀಚರ್.

ಅತ್ತ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಮಗು ಕೂತಲ್ಲಿ ಕೂರದಿದ್ದರೆ ಅಪ್ಪ–ಅಮ್ಮನಿಗೆ ಎಡಿಎಚ್‌ಡಿಯ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಯ) ದಿಗಿಲು. ಬುದ್ಧಿ ಚುರುಕುಗೊಳಿಸುವ ಕ್ಲಾಸುಗಳಿಗೆ ಅದೇ ಬಂಡವಾಳ. ಆದರೆ ಬುದ್ಧಿ ಬೆಳೆಸುವ ಕಂಪ್ಯೂಟರ್ ಆಟದಲ್ಲಿ ಪಳಗಿದ ಮಗು ಬಹುತೇಕ ಆ ಆಟದಲ್ಲಷ್ಟೇ ಚುರುಕಾಗುತ್ತದೆ. ನಾಲ್ಕರ ಚಡಪಡಿಕೆ ಹೆಚ್ಚಿನಂಶ ವಯಸ್ಸಿನದು.

ಹಾಗೆಂದು ‘ದೊಡ್ಡವನಾದ್ರೆ ಸರಿಹೋಗ್ತಾನೆ’ ಎನ್ನುವ ಅಜ್ಜಿಮಾತಿಗೆ ಪೂರ್ತಿ ಜೋತುಬೀಳುವಂತಿಲ್ಲ. ವಯಸ್ಸಿಗೆ ಮೀರಿದ ಚಂಚಲತೆ ಆರು ತಿಂಗಳಾದರೂ ತಗ್ಗದೆ, ಮನೆಯಲ್ಲೂ ಶಾಲೆಯಲ್ಲೂ ಕಾಡಿದರೆ ತೋರಿಸಲೇಬೇಕು. ಮಾತ್ರೆಯ ಭಯ ಬೇಡ: ಆರರೊಳಗಿನವರಿಗೆ ಮೊದಲ ಚಿಕಿತ್ಸೆ ಹೆತ್ತವರಿಗೆ ಕೊಡುವ ತರಬೇತಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ. ಕ್ಲಾಸಿಗೆ ಫೀಸು ಕಟ್ಟುವ ಮುಂಚೆ ಅಲ್ಲಿಗೊಮ್ಮೆ ಹೋಗಿಬನ್ನಿ.