ದೂರಕ್ಕೊಂದು ದಾರಿ, ಹತ್ತಿರಕ್ಕೊಂದು ದಾರಿ

೧೯೦೨ರ ಜೂನ್ ೩೦ರಂದು ಕಾವೇರಿಯ ನೀರಿನ ಬಲ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಶಿವನಸಮುದ್ರದ ಜಲಪಾತದ ಬಳಿ ಹುಟ್ಟಿದ ವಿದ್ಯುಚ್ಛಕ್ತಿ ೯೨ ಮೈಲಿ, ಎಂದರೆ ೧೪೮ ಕಿಲೋಮೀಟರಿನಷ್ಟು ದೂರ ತಂತಿಯ ಮೇಲೆ ಸಾಗಿ ಬಂದಿತ್ತು. ಆ ಕಾಲಕ್ಕೆ ಅದೊಂದು ಮಹಾಸಾಹಸ. ಯೋಜನೆಗೆ ರೂಪ ಕೊಟ್ಟವನು ಜೋಲಿ ಡಿ ಲಾಟ್ಬಿನಿಯರ್ ಎಂಬ ಎಂಜಿನಿಯರು. ಅದಕ್ಕೆ ಬೆನ್ನಾಗಿ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಅವರು ಹಿಂದಿನ ವರ್ಷವೇ ತೀರಿಕೊಂಡಿದ್ದರಿಂದ ಆ ದಿನವನ್ನು ಕಾಣಲಿಲ್ಲ.

ಅಷ್ಟು ದೂರ ಶಕ್ತಿ ಸಾಗಿದ್ದು ಹೇಗೆ? ವಿದ್ಯುತ್ತಿನ ಒತ್ತಡ ಕಡಿಮೆಯಿದ್ದರೆ ಪ್ರವಾಹ ಹೆಚ್ಚಬೇಕು. ಪ್ರವಾಹ ಹೆಚ್ಚಿದರೆ ತಂತಿ ಕಾಯ್ದು ಶಕ್ತಿಯೆಲ್ಲ ದಾರಿಯಲ್ಲೇ ಸೋರಿಹೋಗುತ್ತದೆ. ಆದುದರಿಂದ ಯಂತ್ರದಿಂದ ಹೊರಟ ವಿದ್ಯುತ್ತನ್ನು ೩೦,೦೦೦ ವೋಲ್ಟಿಗೆ ಕಡಿಮೆಯಿಲ್ಲದಂತೆ ಏರಿಸಿ ಪ್ರಯಾಣಕ್ಕೆ ಕಳುಹಿಸಿದರು. ಗಣಿಯ ಬಾಗಿಲಿಗೆ ಬಂದ ಮೇಲೆ ಮತ್ತೆ ಇಳಿಸಿ ಕೆಲಸಕ್ಕೆ ಹಚ್ಚಿದರು. ದೂರದ ಪಯಣಕ್ಕೆ ಒಂದು ರೂಪ, ಮನೆಯೊಳಗಿನ ಬಳಕೆಗೆ ಇನ್ನೊಂದು ರೂಪ, ನಡುವೆ ಒಂದು ಪರಿವರ್ತಕ. ಮೂರು ಮಾತಿನಲ್ಲಿ ಅಡಗಿದ ಈ ಉಪಾಯವೇ ಇಂದು ಗಾಜಿನ ಎಳೆಯಲ್ಲಿ ಸುದ್ದಿ ಹೊತ್ತು ಓಡುವ ಬೆಳಕಿಗೂ ಬೇಕಾಗಿದೆಯೆಂದರೆ ಓದುಗರಿಗೆ ಸೋಜಿಗವಾಗಬಹುದು.

ನೋಟಕ್ಕೆ ಒಂದೇ, ಗುಣದಲ್ಲಿ ಎರಡು

ಗಾಜಿನ ಎಳೆಯ ಮೂಲಕ ಬೆಳಕನ್ನು ಬಲುದೂರ ಕಳುಹಿಸಬಹುದೆಂದು ೧೯೬೬ರಲ್ಲಿ ತರ್ಕಬದ್ಧವಾಗಿ ತೋರಿಸಿಕೊಟ್ಟವರು ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್. ಅದಕ್ಕೆ ಬೇಕಾದಷ್ಟು ಶುದ್ಧವಾದ ಗಾಜು ೧೯೭೦ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯಲ್ಲಿ ಸಿದ್ಧವಾಯಿತು. ಕಾವೊ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇಂದು ಬಳಕೆಯಲ್ಲಿರುವ ಎಳೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹೊರಗಾತ್ರ ಎರಡಕ್ಕೂ ಒಂದೇ: ೧೨೫ ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ವ್ಯತ್ಯಾಸವಿರುವುದು ಬೆಳಕು ಹರಿಯುವ ಒಳತಿರುಳಿನಲ್ಲಿ. ಮಲ್ಟಿಮೋಡ್ ಎಂಬ ಎಳೆಯಲ್ಲಿ ತಿರುಳು ೫೦ ಅಥವಾ ೬೨.೫ ಮೈಕ್ರಾನ್ ಅಗಲ. ಸಿಂಗಲ್ ಮೋಡ್ ಎಂಬುದರಲ್ಲಿ ಸುಮಾರು ೯ ಮೈಕ್ರಾನ್ ಮಾತ್ರ.

ಅಗಲವಾದ ರಥಬೀದಿಯಲ್ಲಿ ಒಟ್ಟಿಗೆ ಹೊರಟ ಜನರನ್ನು ನೆನೆಯಿರಿ. ನೆಟ್ಟಗೆ ನಡೆದವರು ಬೇಗ ಸೇರುತ್ತಾರೆ. ಆಚೀಚೆ ಅಂಗಡಿ ಮುಟ್ಟುತ್ತ ನಡೆದವರು ತಡವಾಗಿ ಬರುತ್ತಾರೆ. ಮಲ್ಟಿಮೋಡ್ ಎಳೆಯಲ್ಲಿ ಬೆಳಕಿನ ಗತಿಯೂ ಹೀಗೆಯೇ. ಒಂದೇ ಮಿನುಗು ಹಲವು ಹಾದಿಗಳಲ್ಲಿ ಸಾಗಿ, ದೂರ ಹೋದಂತೆ ಹರಡಿಕೊಂಡು, ಹಿಂದಿನ ಮಿನುಗು ಮುಂದಿನದರೊಡನೆ ಬೆರೆತುಹೋಗುತ್ತದೆ. ತಿರುಳಿನ ಗಾಜನ್ನು ಜಾಣತನದಿಂದ ಹದಗೊಳಿಸಿ ಈ ದೋಷವನ್ನು ಬಹುಮಟ್ಟಿಗೆ ತಗ್ಗಿಸಿದ್ದಾರೆಯೇ ಹೊರತು ಅದು ಪೂರ್ತಿ ಅಳಿದಿಲ್ಲ. ಸಿಂಗಲ್ ಮೋಡಾದರೋ ಒಬ್ಬರೇ ನಡೆಯಬಲ್ಲ ಕಾಲುಹಾದಿ. ಅಲ್ಲಿ ಅಡ್ಡಾಡುವುದಕ್ಕೆ ಎಡೆಯೇ ಇಲ್ಲ.

ಇದರ ಫಲವನ್ನು ಅಂಕಿಗಳಲ್ಲಿಯೇ ನೋಡಬಹುದು. ಸೆಕೆಂಡಿಗೆ ನೂರು ಕೋಟಿ ಬಿಟ್‌ಗಳ, ಎಂದರೆ ಒಂದು ಗಿಗಾಬಿಟ್ಟಿನ ವೇಗದಲ್ಲಿ, ೫೦ ಮೈಕ್ರಾನಿನ ಎಳೆ ೫೫೦ ಮೀಟರಿನವರೆಗೆ ಸುದ್ದಿಯನ್ನು ಮುಟ್ಟಿಸುತ್ತದೆ; ೬೨.೫ರದು ಅದರ ಅರ್ಧಕ್ಕೇ ಸುಸ್ತಾಗುತ್ತದೆ. ಸಿಂಗಲ್ ಮೋಡ್ ಎಳೆಯಲ್ಲಿ ಸಾಮಾನ್ಯ ಉಪಕರಣವೇ ೧೦ ಕಿಲೋಮೀಟರು ಮುಟ್ಟಿಸಬಲ್ಲುದು. ಹಾಗಾದರೆ ಎಲ್ಲೆಡೆಯೂ ಇದನ್ನೇ ಏಕೆ ಹಾಕಲಿಲ್ಲವೆಂದು ಕೇಳಬಹುದು. ಅಗಲವಾದ ತಿರುಳಿಗೆ ಬೆಳಕನ್ನು ಹಾಯಿಸುವುದು ಸುಲಭ. ಬೆಳಕು ಚೆಲ್ಲುವ ಸಾಧನವೂ ಅಗ್ಗ. ಆದುದರಿಂದ ಕಾಲೇಜು, ಆಸ್ಪತ್ರೆ, ಕಾರ್ಖಾನೆಗಳ ಕಟ್ಟಡಗಳೊಳಗೆ ಮಲ್ಟಿಮೋಡ್ ಎಳೆ ಮನೆಮಾಡಿತು.

ಬಂಗಾರಪೇಟೆಯ ಪಾಠ

ಕಟ್ಟಡದ ಒಳಗಿನದು ಒಂದು ಜಾತಿ, ದೂರದಿಂದ ಬರುವುದು ಇನ್ನೊಂದು ಜಾತಿ. ಎರಡರ ತುದಿಗಳನ್ನೂ ನೇರವಾಗಿ ಜೋಡಿಸಿಬಿಟ್ಟರೆ ಸಾಲದೆ? ಸಾಲದು. ೫೦ ಮೈಕ್ರಾನಿನ ತಿರುಳಿನ ವಿಸ್ತಾರ ೯ ಮೈಕ್ರಾನಿನದರ ಸುಮಾರು ೩೦ ಪಾಲು. ಕೊಡದ ನೀರನ್ನು ಸೀಸೆಯ ಬಾಯಿಗೆ ಬಗ್ಗಿಸಿದಂತೆ ಬೆಳಕಿನ ಬಹುಪಾಲು ಹೊರಗೇ ಚೆಲ್ಲಿಹೋಗುತ್ತದೆ. ಕಿರಿದರಿಂದ ಹಿರಿದಕ್ಕೆ ಬೆಳಕು ಹೋಗಬಹುದು. ಆದರೆ ಪ್ರಶ್ನೆಗೆ ಮರುತ್ತರ ಬಾರದಿದ್ದರೆ ಸಂಭಾಷಣೆ ನಡೆಯುವುದು ಹೇಗೆ?

ಬಂಗಾರಪೇಟೆಯ ಹಿರಿಯರಿಗೆ ಈ ತೊಡಕು ಹೊಸದಲ್ಲ. ಮದರಾಸು–ಬೆಂಗಳೂರು ಹಾದಿಯದು ಐದೂವರೆ ಅಡಿಯ ಬ್ರಾಡ್‌ಗೇಜ್. ಕೋಲಾರದ ಕಡೆಗೆ ಹಿಂದೆ ಇದ್ದುದು ಎರಡೂವರೆ ಅಡಿಯ ನ್ಯಾರೋಗೇಜ್. ಒಂದರ ಗಾಡಿ ಇನ್ನೊಂದರ ಹಳಿಯ ಮೇಲೆ ಓಡುವಂತಿರಲಿಲ್ಲ. ಸರಕನ್ನು ಅಲ್ಲಿ ಇಳಿಸಿ ಇಲ್ಲಿ ಏರಿಸಲೇಬೇಕಾಗಿತ್ತು.

ಮೀಡಿಯಾ ಕನ್ವರ್ಟರ್ ಎಂಬ ಅಂಗೈಯಗಲದ ಪೆಟ್ಟಿಗೆ ಮಾಡುವುದು ಇದೇ ಕೆಲಸವನ್ನು. ಮಲ್ಟಿಮೋಡ್ ಎಳೆಯಿಂದ ಬಂದ ಬೆಳಕನ್ನು ಅದು ವಿದ್ಯುತ್ಸಂಕೇತವಾಗಿ ಇಳಿಸಿಕೊಳ್ಳುತ್ತದೆ. ಮಸುಕಾದುದನ್ನು ತಿದ್ದಿ, ತನ್ನದೇ ಲೇಸರಿನಿಂದ ಹೊಸ ಬೆಳಕಾಗಿ ಸಿಂಗಲ್ ಮೋಡ್ ಎಳೆಗೆ ಏರಿಸುತ್ತದೆ. ಆಚೆಯ ತುದಿಯಲ್ಲಿ ಇಂಥದೇ ಜೊತೆ ಪೆಟ್ಟಿಗೆ ಅದನ್ನು ಮತ್ತೆ ಇಳಿಸಿಕೊಳ್ಳುತ್ತದೆ. ಸುದ್ದಿಯ ಒಂದಕ್ಷರವೂ ಬದಲಾಗುವುದಿಲ್ಲ.

ಅಗೆಯುವ ಮುನ್ನ

ಊರಿಗಾಮಿನಲ್ಲಿ ಒಂದು ವಿದ್ಯಾಲಯವಿದ್ದು, ಅದರ ವಿದ್ಯಾರ್ಥಿನಿಲಯ ಮೂರು ಕಿಲೋಮೀಟರಿನಾಚೆ ಇದೆಯೆಂದು ಊಹಿಸೋಣ. ಎರಡು ಕಟ್ಟಡಗಳ ಒಳಗೂ ಹಳೆಯ ಮಲ್ಟಿಮೋಡ್ ಎಳೆಯಿದೆ. ಅದನ್ನೆಲ್ಲ ಗೋಡೆಯಿಂದ ಕಿತ್ತು ಹೊಸದನ್ನು ಹಾಕುವುದು ದುಂದುವೆಚ್ಚ. ನಡುವಣ ಮೂರು ಕಿಲೋಮೀಟರಿಗೆ ಮಾತ್ರ ಸಿಂಗಲ್ ಮೋಡ್ ಎಳೆದು ಎರಡು ತುದಿಗೂ ಕನ್ವರ್ಟರ್ ಇಟ್ಟರೆ ಕೆಲಸವಾಯಿತು. ಗಟ್ಟಿ ಬಂಡೆಯ ಆ ನೆಲದಲ್ಲಿ ಅಗೆತದ ಬೆಲೆ ಎಷ್ಟೆಂಬುದನ್ನು ಗಣಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಈ ಪೆಟ್ಟಿಗೆಯಿಂದ ಪವಾಡವನ್ನು ಬಯಸಬಾರದು. ಈಗಾಗಲೇ ನೆಲದಲ್ಲಿ ಹುದುಗಿರುವ ದೂರದ ಎಳೆಯೇ ಮಲ್ಟಿಮೋಡಾಗಿದ್ದರೆ ಅದರ ಗುಣವನ್ನು ಕನ್ವರ್ಟರ್ ಬದಲಿಸಲಾರದು. ಅದಕ್ಕೆ ತನ್ನದೇ ವಿದ್ಯುತ್ತು ಬೇಕು. ಕರೆಂಟು ಹೋದರೆ ಸುದ್ದಿಯೂ ನಿಂತಿತು. ಎರಡು ತುದಿಯ ಪೆಟ್ಟಿಗೆಗಳೂ ಒಂದೇ ವೇಗದವಾಗಿ, ಒಂದು ಕಳುಹಿಸುವ ಬೆಳಕು ಇನ್ನೊಂದಕ್ಕೆ ಒಪ್ಪುವಂಥದಾಗಿ ಇರಬೇಕು. ಗುತ್ತಿಗೆದಾರ ಗುದ್ದಲಿ ಎತ್ತುವ ಮುನ್ನ ನೆಲದಲ್ಲಿರುವ ಎಳೆ ಯಾವ ಬಗೆಯದು, ಅದರ ಉದ್ದವೆಷ್ಟು ಎಂದು ಅಳೆಯಿಸಿ ನೋಡುವುದೇ ವಿವೇಕ.

ಇದು ಎಂಜಿನಿಯರುಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಪುಟ ತಿರುವಿಬಿಡುವಂತಿಲ್ಲ. ೨೦೦೧ರಲ್ಲಿ ಗಣಿಗಳು ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಮಂದಿಗೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಹೋಗುವುದು ನಿತ್ಯದ ಪಾಡಾಯಿತು. ಎಲ್ಲ ಉದ್ಯೋಗವೂ ಗಾಜಿನ ಎಳೆಯ ಮೇಲೆ ಊರಿಗೆ ಬರಲಾರದು, ನಿಜ. ಆದರೆ ಮಗಳ ಪಾಠ ಬರಬಲ್ಲುದು. ರೋಗಿಯ ಎಕ್ಸ್‌ರೇ ಚಿತ್ರ ದೂರದ ತಜ್ಞರ ಕಣ್ಣಿಗೆ ಹೋಗಬಲ್ಲುದು. ಲೆಕ್ಕಪತ್ರ ಬರೆಯುವ ಕೆಲವು ಕೆಲಸಗಳಾದರೂ ಮನೆಬಾಗಿಲಿಗೆ ಬರಬಲ್ಲುವು. ನೂರು ಕಿಲೋಮೀಟರು ಓಡಿಬಂದ ಬೆಳಕು ಕೊನೆಯ ಅರ್ಧ ಮೈಲಿಯಲ್ಲಿ ನಿಂತುಬಿಟ್ಟರೆ ಆ ದೂರವನ್ನು ನಡೆಯಬೇಕಾದವರು ಮನುಷ್ಯರೇ. ಅದನ್ನು ತಪ್ಪಿಸುವ ಪೆಟ್ಟಿಗೆಯ ಬೆಲೆ, ಒಂದು ಬೀದಿಯನ್ನು ಅಗೆದು ಮುಚ್ಚುವ ವೆಚ್ಚದ ಮುಂದೆ ಅಲ್ಪವೇ ಸರಿ.