ಮಿನುಗೂ ಊಟದ ಪಾಲೇ

ಹುಟ್ಟುಹಬ್ಬದ ಕೇಕು, ಅಚ್ಚಿನ ಚಾಕೊಲೇಟು, ಆರತಕ್ಷತೆಯಲ್ಲಿ ಕೊಡುವ ಬಣ್ಣದ ಷರಬತ್ತು ಎಲ್ಲಕ್ಕೂ ಈಗ ಮಿನುಗು ಬಂದಿದೆ. ಬೇಕರಿಯವರು ಲಸ್ಟರ್ ಡಸ್ಟ್ ಎನ್ನುವ ಈ ಪುಡಿ ಸಣ್ಣ ಡಬ್ಬಿಗಳಲ್ಲಿ ಸಿಗುತ್ತದೆ. ಒಣ ಪುಡಿಯನ್ನೇ ಬ್ರಷ್ಷಿನಿಂದ ಸವರಿದರೆ ಮುತ್ತಿನ ಕಾಂತಿ, ಬೇಗ ಆರಿಹೋಗುವ ದ್ರವದಲ್ಲಿ ಕಲಸಿ ಬಳಿದರೆ ಲೋಹದ ಹೊಳಪು. ನೋಡಲು ನಿಜಕ್ಕೂ ಚೆಂದ. ತಿನಿಸನ್ನು ಸಿಂಗರಿಸುವ ಆಸೆಯಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಈ ಪುಡಿಯನ್ನು ಅಲಂಕಾರವೆಂದು ಒಂದು ಕಡೆ ಇಟ್ಟು, ಹಿಟ್ಟು, ಸಕ್ಕರೆ, ಬೆಣ್ಣೆಗೆ ಕೇಳುವ ಪ್ರಶ್ನೆಯನ್ನು ಇದಕ್ಕೆ ಕೇಳದೆ ಬಿಡುವುದರಲ್ಲಿ. ನಾಲಗೆಯ ಮೇಲೆ ಬಿದ್ದು ಹೊಟ್ಟೆಗೆ ಹೋಗುವುದೆಲ್ಲ ಆಹಾರವೇ. ಹಾಗೆಂದು ಒಪ್ಪಿಕೊಂಡು ನೋಡಿದರೆ ಯಾವ ಪುಡಿ ಸಲ್ಲುತ್ತದೆ, ಯಾವುದು ಸಲ್ಲದು ಎಂಬುದು ಬಹುಮಟ್ಟಿಗೆ ತಾನೇ ತಿಳಿಯಾಗುತ್ತದೆ.

ಸರಿಯಾಗಿ ತಯಾರಾದ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಕಾಗೆಬಂಗಾರ, ಅಂದರೆ ಅಭ್ರಕ. ಅಭ್ರಕ ಪದರಪದರವಾಗಿ ಬಿಡಿಸಿಕೊಳ್ಳುವ ಖನಿಜ. ಅದನ್ನು ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಚಪ್ಪಟೆ ಹಳುಕುಗಳಾಗಿ ಮಾಡಿ, ಒಂದೊಂದು ಹಳುಕಿನ ಮೇಲೂ ಟೈಟಾನಿಯಂ ಡೈಆಕ್ಸೈಡಿನ ಅಥವಾ ಕಬ್ಬಿಣದ ಆಕ್ಸೈಡಿನ ತೆಳು ಪೊರೆ ಹೊದಿಸುತ್ತಾರೆ. ಪೊರೆಯ ಮೇಲ್ಮೈಯಿಂದ ಒಂದಿಷ್ಟು, ತಳದಿಂದ ಇನ್ನೊಂದಿಷ್ಟು ಬೆಳಕು ಹಿಂದಿರುಗಿ ಒಂದರೊಡನೊಂದು ಕೂಡುವಾಗ ಕೆಲವು ಬಣ್ಣ ಗಟ್ಟಿಯಾಗುತ್ತವೆ, ಕೆಲವು ಅಳಿಸಿಹೋಗುತ್ತವೆ. ಮಳೆ ನಿಂತ ರಸ್ತೆಯ ನೀರಿನ ಮೇಲೆ ಎಣ್ಣೆ ಹರಡಿದಾಗ ಬಣ್ಣಗಳು ಏಳುವುದೂ ಇದೇ ಕಾರಣಕ್ಕೆ. ಟೈಟಾನಿಯಂ ಪೊರೆ ತೀರ ತೆಳುವಾಗಿದ್ದರೆ ಬೆಳ್ಳಿಯ ಹೊಳಪು. ದಪ್ಪ ಏರಿದಂತೆ ಹೊಂಬಣ್ಣ, ಕೆಂಪು, ನೀಲಿ, ಹಸಿರು. ಎಲ್ಲವೂ ನ್ಯಾನೊಮೀಟರುಗಳ ಲೆಕ್ಕದ ವ್ಯತ್ಯಾಸ. ಬಣ್ಣವಿಲ್ಲದ ಎರಡು ವಸ್ತುಗಳು ಸೇರಿ ಬರೀ ದಪ್ಪದ ಬಲದಿಂದ ಬಣ್ಣ ತೋರುವುದು ಬಹಳ ಸೊಗಸಾದ ಸಂಗತಿ. ತಿಳಿಯಾದ ಪಾನಕಕ್ಕೆ ಚಿಟಿಕೆ ಹಾಕಿ ಕದಡಿದಾಗ ಗಾಜಿನೊಳಗೆ ಸುಳಿ ಏಳುವುದು ಕಾಣುತ್ತದಲ್ಲ, ಅದಕ್ಕೂ ಹಳುಕುಗಳ ಚಪ್ಪಟೆ ಆಕಾರವೇ ಕಾರಣ. ದ್ರವ ಹರಿಯುವ ದಿಕ್ಕಿಗೆ ಅವು ವಾಲುತ್ತವೆ, ವಾಲಿದ ಕಡೆ ಬೆಳಕು ಮಿಂಚುತ್ತದೆ. ನೀರಿಗಿಂತ ಭಾರವಾದ್ದರಿಂದ ಕದಡುವುದು ನಿಂತರೆ ಮೆಲ್ಲಗೆ ತಳಕ್ಕೆ ಇಳಿಯುತ್ತವೆ. ಹಾಲು ಬೆರೆತ ಪಾನೀಯದಲ್ಲಿ ಈ ಆಟ ಕಾಣುವುದಿಲ್ಲ.

ತೊಡಕು ಇರುವುದು ಇದೇ ಹೊಳಪನ್ನು ಬೇರೆ ದಾರಿಯಿಂದಲೂ ತರಬಹುದು ಎಂಬಲ್ಲಿ. ತಾಮ್ರವನ್ನೋ ಹಿತ್ತಾಳೆಯನ್ನೋ ನುಣ್ಣಗೆ ಪುಡಿ ಮಾಡಿದರೂ ಹೊಂಬಣ್ಣವೇ ಬರುತ್ತದೆ. ಪ್ಲಾಸ್ಟಿಕ್ ಹಾಳೆಗೆ ಅಲ್ಯೂಮಿನಿಯಂ ಲೇಪಿಸಿ ಕತ್ತರಿಸಿದ ಕರಕುಶಲದ ಗ್ಲಿಟರೂ ಹೊಳೆಯುತ್ತದೆ. ಡಬ್ಬಿಯೊಳಗೆ ಎಲ್ಲವೂ ಒಂದೇ ಥರ ಕಾಣುತ್ತವೆ. 2018ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಹುಟ್ಟುಹಬ್ಬದ ಕೇಕು ತಿಂದ 1ರಿಂದ 11 ವರ್ಷದೊಳಗಿನ ಆರು ಮಕ್ಕಳಿಗೆ ವಾಂತಿ, ಭೇದಿ ಹಿಡಿಯಿತು. ಕೇಕಿಗೆ ದಪ್ಪವಾಗಿ ಬಳಿದಿದ್ದ ಗುಲಾಬಿ ಹೊನ್ನಿನ ಪುಡಿ ನುಣ್ಣನೆಯ ತಾಮ್ರವಾಗಿತ್ತು. ಪರೀಕ್ಷೆಯಲ್ಲಿ ಕೇಕಿನ ಲೇಪನದ ಒಂದೊಂದು ಗ್ರಾಮಿಗೆ ಸುಮಾರು 22 ಮಿಲಿಗ್ರಾಂ ತಾಮ್ರ ಸಿಕ್ಕಿತು. ದೊಡ್ಡವರ ಮೈಗೆ ದಿನವಿಡೀ ಬೇಕಾದದ್ದು ಒಂದೆರಡು ಮಿಲಿಗ್ರಾಂ. ಮರುವರ್ಷ ಮಿಸೂರಿ ರಾಜ್ಯದಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸ ಹೆಚ್ಚಿರುವುದು ಮಾಮೂಲಿ ತಪಾಸಣೆಯಲ್ಲಿ ಕಂಡಿತು. ಮೂಲ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಹುಟ್ಟುಹಬ್ಬದ ಕೇಕಿನ ಹೂವಿಗೆ ಸವರಿದ್ದ ಹಳದಿ ಪುಡಿ. ಅದರ ತೂಕದ ಕಾಲು ಭಾಗ ಸೀಸವೇ. ಎರಡೂ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಪ್ರಕಟಿಸಿತು.

ಬಳಸುವುದು ಚಿಟಿಕೆಯಷ್ಟು, ಅಷ್ಟಕ್ಕೇನು ಆದೀತು ಎಂದು ಕೇಳುವವರಿದ್ದಾರೆ. ಆಹಾರಕ್ಕೆಂದೇ ಮಾಡಿದ ಅಭ್ರಕದ ಪುಡಿಯ ಮಟ್ಟಿಗೆ ಈ ಮಾತು ಒಪ್ಪುವಂಥದ್ದೇ. ಅಮೆರಿಕ ಕೂಡ ಕೇಕಿನ ಲೇಪನದಂಥ ತಿನಿಸಿನಲ್ಲಿ ತೂಕದ ಶೇ. 1.25ರವರೆಗೆ ಅದಕ್ಕೆ ಅನುಮತಿ ಕೊಟ್ಟಿದೆ. ಆದರೆ ಸೀಸಕ್ಕೆ ಚಿಟಿಕೆಯ ವಿನಾಯಿತಿ ಇಲ್ಲ. ಬೆಳೆಯುವ ಮಗುವಿನ ಮಿದುಳಿಗೆ ಇಷ್ಟು ಸೀಸವಾದರೆ ತೊಂದರೆಯಿಲ್ಲ ಎನ್ನುವ ಮಟ್ಟವನ್ನು ವೈದ್ಯಶಾಸ್ತ್ರ ಇನ್ನೂ ಕಂಡಿಲ್ಲ. ಜತೆಗೆ, ಲೋಹದ ಹೊಳಪು ಬರಬೇಕೆಂದು ಬಳಿಯುವವರು ಚಿಟಿಕೆಗೆ ನಿಲ್ಲಿಸುವುದೂ ಇಲ್ಲ. ಎರಡನೆಯ ಸಮಾಧಾನ, ಡಬ್ಬಿಯ ಮೇಲೆ ‘ನಾನ್ ಟಾಕ್ಸಿಕ್’ ಎಂದು ಬರೆದಿದೆಯಲ್ಲ ಎಂಬುದು. ಇದು ಹೆಚ್ಚು ದಾರಿ ತಪ್ಪಿಸುವ ಸಮಾಧಾನ. ಮಕ್ಕಳ ಕ್ರೇಯಾನಿನ ಮೇಲೂ ಹಾಗೇ ಬರೆದಿರುತ್ತದೆ, ಅದನ್ನು ಯಾರೂ ತಟ್ಟೆಗೆ ಬಡಿಸುವುದಿಲ್ಲ. ತಿನ್ನುವ ಪುಡಿಯಾದರೆ ಡಬ್ಬಿಯ ಮೇಲೆ ಪದಾರ್ಥಗಳ ಪಟ್ಟಿ ಇರಲೇಬೇಕು. ನಮ್ಮಲ್ಲಿ ಅದರ ಜತೆಗೆ ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ಪರವಾನಗಿ ಸಂಖ್ಯೆಯೂ ಇರಬೇಕು. ಪಟ್ಟಿಯಿಲ್ಲದೆ ‘ಅಲಂಕಾರಕ್ಕೆ ಮಾತ್ರ’ ಎಂದಷ್ಟೇ ಇದ್ದರೆ, ಅದನ್ನು ತಿನ್ನಬೇಡಿ ಎಂದು ತಯಾರಕನೇ ಹೇಳಿದಂತೆ.

ಕಾಜು ಬರ್ಫಿಯ ಮೇಲಿನ ಬೆಳ್ಳಿ ವರಖನ್ನು ತಲೆತಲಾಂತರದಿಂದ ತಿನ್ನುತ್ತಿಲ್ಲವೇ ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. ಆದರೆ ವರಖಿನ ಕತೆ ಹೊಳಪನ್ನೂ ಆಹಾರವೆಂದೇ ಪ್ರಶ್ನಿಸಬೇಕೆಂಬ ವಾದಕ್ಕೆ ಬಲ ಕೊಡುವುದೇ ಹೊರತು ಅದನ್ನು ಮುರಿಯುವುದಿಲ್ಲ. ಹಳೆಯದೆಂದ ಮಾತ್ರಕ್ಕೆ ವರಖನ್ನು ಹಾಗೇ ಬಿಟ್ಟಿಲ್ಲ. ಬೆಳ್ಳಿಯ ಶುದ್ಧತೆ ಸಾವಿರಕ್ಕೆ 999 ಇರಬೇಕು ಎಂಬ ಅಳತೆ ಇದೆ. ಬಡಿಯುವಾಗ ನಡುವೆ ದನದ ಕರುಳಿನ ಪೊರೆ ಇಡುತ್ತಿದ್ದ ಪದ್ಧತಿಯ ಬಗ್ಗೆ ಆಕ್ಷೇಪ ಬಂದ ಮೇಲೆ, ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಜನ್ಯ ವಸ್ತು ಕೂಡದೆಂದು 2016ರಲ್ಲಿ ನಿಯಮ ಬಂತು. ಅಷ್ಟಾದರೂ ಅಲ್ಯೂಮಿನಿಯಂ ಹಾಳೆ ಬೆಳ್ಳಿಯ ಹೆಸರಿನಲ್ಲಿ ಮಾರಾಟವಾಗುವುದುಂಟು. ಪತ್ತೆ ಸುಲಭ. ಬೆರಳುಗಳ ನಡುವೆ ಉಜ್ಜಿದರೆ ಅಸಲಿ ವರಖು ಪುಡಿಯಾಗಿಬಿಡುತ್ತದೆ, ಅಲ್ಯೂಮಿನಿಯಂ ಹಾಗಾಗುವುದಿಲ್ಲ. ಸುಟ್ಟರೆ ಬೆಳ್ಳಿ ಹೊಳೆಯುವ ಬಿಳಿ ಗುಂಡಾಗಿ ಉಳಿಯುತ್ತದೆ, ಅಲ್ಯೂಮಿನಿಯಂ ಕಪ್ಪು ಬೂದಿಯಾಗುತ್ತದೆ. ಮಿನುಗು ಪುಡಿಗೆ ಮನೆಯಲ್ಲೇ ಮಾಡಿ ನೋಡುವ ಇಂಥ ಪರೀಕ್ಷೆ ಇಲ್ಲ. ಆದ್ದರಿಂದಲೇ ಡಬ್ಬಿಯ ಮೇಲಿನ ಬರಹಕ್ಕೆ ಇಷ್ಟು ಬೆಲೆ.

ಆಹಾರದ ದರ್ಜೆಯ ಪುಡಿಯ ಮೇಲೂ ಪ್ರಶ್ನೆಯೊಂದು ಉಳಿದಿದೆ, ಮುಚ್ಚಿಡಬಾರದು. ಟೈಟಾನಿಯಂ ಡೈಆಕ್ಸೈಡ್ ವಂಶವಾಹಿಗೆ ಹಾನಿ ಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಹೇಳಿತು; 2022ರಲ್ಲಿ ಅಲ್ಲಿ ಆಹಾರದಲ್ಲಿ ಅದರ ಬಳಕೆ ನಿಂತಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿ 2023ರಲ್ಲಿ ಮತ್ತೆ ಪರಿಶೀಲಿಸಿ, ಮಿತಿ ಹಾಕುವ ಅಗತ್ಯ ಕಾಣದೆಂದಿತು. ಸಾಕ್ಷ್ಯ ಬಹುಮಟ್ಟಿಗೆ ಒಂದೇ, ಒಬ್ಬರು ಸಂಶಯವನ್ನು ತಿನ್ನುವವರ ಪರವಾಗಿ ಎಣಿಸಿದರು, ಇನ್ನೊಬ್ಬರು ಅಪಾಯಕ್ಕೆ ಪುರಾವೆ ಕೇಳಿದರು. ಹೊಟ್ಟೆ ತುಂಬಿಸದ, ರುಚಿ ಕೊಡದ ವಸ್ತುವಿನ ವಿಷಯದಲ್ಲಿ ಮೊದಲನೆಯವರ ನಿಲುವೇ ಸರಿಯೆನಿಸುತ್ತದೆ. ಅದಕ್ಕಾಗಿ ಹೆದರಿ ಕೂರಬೇಕಿಲ್ಲ, ಅಪರೂಪದ ಸಂಭ್ರಮಕ್ಕೆ ಮೀಸಲಿಟ್ಟರೆ ಆಯಿತು.

ತಿನ್ನಬಾರದ ಬಣ್ಣ ತಿನಿಸಿಗೆ ಸೇರುವುದು ನಮ್ಮಲ್ಲೂ ನಡೆದಿದೆ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷಿಸಿ 107ರಲ್ಲಿ ಅಸುರಕ್ಷಿತ ಬಣ್ಣ ಕಂಡು, ಗೋಬಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ನಿಷೇಧಿಸಿತು. ಬೊಂಬಾಯಿ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಬೇರೆ ಕಸುಬಿನ ಸರಕು ಅಡುಗೆಮನೆಗೆ ನುಗ್ಗಿದ್ದೇ ಅಲ್ಲಿಯೂ ನಡೆದದ್ದು. ಬೇಕರಿಯಲ್ಲಿ ಬಿಡಿಯಾಗಿ ಮಾರುವ ಕೇಕಿಗಂತೂ ಪಟ್ಟಿ ಅಂಟಿಸಿರುವುದು ಅಪರೂಪ. ಹಾಗಾಗಿ ಮಿನುಗುವ ಕೇಕಿಗೆ ಹೇಳುವಾಗಲೇ ಪುಡಿಯ ಡಬ್ಬಿ ತೋರಿಸಿ ಎಂದು ಕೇಳಬೇಕು. ಒಳ್ಳೆಯ ಬೇಕರಿಯವರು ಬೇಸರಪಡುವುದಿಲ್ಲ. ಡಬ್ಬಿಯ ಮೇಲೆ ಪಟ್ಟಿ ಕಾಣದಿದ್ದರೆ ಪುಡಿ ಇಲ್ಲದೆಯೇ ಮಾಡಿಕೊಡಿ ಎನ್ನಬಹುದು. ಸವರಿದ ಹೂವನ್ನು ಆಮೇಲೆ ತೆಗೆದಿಟ್ಟರೆ ಸಾಲದು. ಹೂವು ತಾಗಿದಲ್ಲೆಲ್ಲ ಕ್ರೀಮಿಗೆ ಪುಡಿ ಆಗಲೇ ಹತ್ತಿರುತ್ತದೆ.